ದಣಿದ ಸ್ವಿಚ್ಚು

ಈ ಕತೆಯನ್ನು ಮೊದಲು ಹೇಳಿದವನು ಕಂಪ್ಯೂಟರ್ ರಿಪೇರಿಯ ಕಸುಬಿನವನು. ಬೀದಿಯವರು ಅವನನ್ನು ಕರೆಯುತ್ತಿದ್ದುದು ‘ಸ್ಕ್ರೂ’ ಎಂದು. ಹೇಳಿದ್ದು, ಪ್ರಕರಣ ನಡೆದ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ, ಮುರಿದ ಮಣಿಕಟ್ಟಿನ ಪ್ಲಾಸ್ಟರನ್ನು ಇನ್ನೂ ಬಿಚ್ಚಿರದಿದ್ದಾಗ, ತನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು, ಅಕ್ಕಪಕ್ಕದ ಅಂಗಡಿಗಳವರ ಮತ್ತು ನನ್ನ ಎದುರಿಗೆ. ಆಮೇಲೆ ಇದೇ ಕತೆ ಬೇರೆ ಬಾಯಿಗಳಲ್ಲೂ ನನಗೆ ಸಿಕ್ಕಿತು. ಒಂದರಲ್ಲಿ ಪಿಸ್ತೂಲು ಬಂದು ಸೇರಿಕೊಂಡಿತ್ತು, ಇನ್ನೊಂದರಲ್ಲಿ ಬೇಟೆನಾಯಿಗಳು. ಮೊದಲ ಹೇಳಿಕೆಯಲ್ಲಿ ಅವೆರಡೂ ಇರಲಿಲ್ಲ. ಇಲ್ಲಿ ಕೊಟ್ಟಿರುವುದು ಆ ಮೊದಲ ಹೇಳಿಕೆಯನ್ನೇ.

*

ಕುತ್ತಿಗೆಯ ಹಿಂದೆ ತಣ್ಣಗೆ ಏನೋ ತಗುಲಿತು.

ಕಬ್ಬಿಣ!

“ರೀಸ್ಟಾರ್ಟ್ ಮಾಡು” ಎಂದ ಮ್ಯಾನೇಜರ್.

ನಾನು ಮೊಣಕಾಲೂರಿ ಕುಳಿತಿದ್ದೆ. ಎದುರಿಗೆ ಹೊಟ್ಟೆ ಬಗೆದ ಕಂಪ್ಯೂಟರ್. ಮೇಜಿನ ಮೇಲೆ ಪರದೆ. ಪರದೆಯಲ್ಲಿ ಒಂದು ಕೆಂಪು ಚುಕ್ಕೆ... ಹೊತ್ತಿಕೊಳ್ಳುತ್ತಿತ್ತು, ಆರುತ್ತಿತ್ತು.

ಅದು ಹೊತ್ತಿ ಆರುವ ರೀತಿ ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ.

“ಕಿವಿ ಕೇಳಿಸಲ್ವಾ? ರೀಸ್ಟಾರ್ಟ್!”

ತಡೆಯಿರಿ. ಇಲ್ಲಿಂದ ಶುರುಮಾಡಿದರೆ ನಿಮಗೆ ತಲೆಬುಡ ಹತ್ತುವುದಿಲ್ಲ. ಅದೇ ದಿನದ ಊಟದ ಹೊತ್ತಿಗೆ ಹಿಂದಿರುಗೋಣ.

ರಜಾದಿನ. ಸುಡುಬಿಸಿಲು. ಫೋನ್ ಬಂತು. ಔಷಧಿಗಳನ್ನು ತಣ್ಣಗೆ ಕಾಪಾಡಿ ಆಸ್ಪತ್ರೆಗಳಿಗೆ ಕಳಿಸುವ ಕೋಲ್ಡ್ ಸ್ಟೋರೇಜ್ ಕಂಪನಿ. ಆಫೀಸಿನ ಕಂಪ್ಯೂಟರ್ ಕೆಟ್ಟಿದೆ, ಅರ್ಜೆಂಟ್, ಈಗಿಂದೀಗಲೇ ಬನ್ನಿ ಎಂದಿತು ಒಂದು ನಯವಾದ ದನಿ. ರಜಾದಿನದಲ್ಲಿ ನಯವಾಗಿ ಮಾತನಾಡುವ ಗಿರಾಕಿಯನ್ನು ನಾನು ನಂಬುವುದಿಲ್ಲ. ಆದರೂ ಹೋದೆ. ನನ್ನ ಕಸುಬು ಅಂಥದ್ದು.

ಗೇಟಿನಲ್ಲಿ ಮುದುಕ ಕಾವಲುಗಾರ. ಅವನ ಗೂಡಿನೊಳಗೆ ಸ್ಟೂಲಿನ ಮೇಲೆ ಎರಡು ತಟ್ಟೆ. ಎರಡರಲ್ಲೂ ಊಟ ಬಡಿಸಿತ್ತು. ಎರಡನ್ನೂ ಯಾರೂ ಮುಟ್ಟಿರಲಿಲ್ಲ.

“ಒಳಗೆ ಹೋಗ್ತೀಯಲ್ಲ ತಮ್ಮಾ, ನನ್ನ ಮಗಳಿಗೆ ಒಂದು ಮಾತು ಹೇಳು. ಅಪ್ಪ ಕಾಯ್ತಿದ್ದಾನೆ, ಊಟ ಆರಿಹೋಯ್ತು ಅಂತ.”

“ಯಾರು ಯಜಮಾನ್ರೇ ನಿಮ್ಮ ಮಗಳು?”

“ಸ್ಟೋರ್ ನೋಡ್ಕೊಳ್ಳೋದು ಅವಳೇ. ಗುರುತು ಹಿಡಿಯೋದು ಕಷ್ಟ ಇಲ್ಲ. ಬಾಯಿ ತೆಗೆದ್ರೆ ಬೈಗುಳ. ನನ್ನನ್ನೂ ಬಿಡಲ್ಲ!” ಎಂದು ಮುದುಕ ನಕ್ಕ. ಹೆಮ್ಮೆಯ ನಗು.

ಒಳಗೆ ಆಫೀಸು ಖಾಲಿ. ಕುರ್ಚಿಗಳೆಲ್ಲ ಮೇಜಿನೊಳಕ್ಕೆ ಸೇರಿಕೊಂಡಿದ್ದವು. ಏಸಿ ಗುರ್ರೆನ್ನುತ್ತಿತ್ತು. ಮ್ಯಾನೇಜರ್ ಒಬ್ಬನೇ ನಿಂತಿದ್ದ. ಅಷ್ಟು ತಂಪಿನಲ್ಲೂ ಅವನ ಹಣೆಯಲ್ಲಿ ಬೆವರು. ಮಲ್ಲಿಗೆಯಂಥ ಬಿಳಿ ಅಂಗಿ... ಬಲತೋಳಿನ ಅಂಚಿಗೆ ಮಾತ್ರ ಬೂದುಬಣ್ಣದ ಧೂಳು.

“ನಿಮ್ಮ ಸ್ಟೋರಿನವರು ಎಲ್ಲಿ ಸಾರ್? ಗೇಟಲ್ಲಿ ಅವರಪ್ಪ ಊಟಕ್ಕೆ ಕಾಯ್ತಿದ್ದಾರೆ.”

“ತಲೆನೋವು ಅಂದ್ಲು. ಹಿಂದಿನ ಬಾಗಿಲಿಂದ ಮನೆಗೆ ಹೋದ್ಲು. ನೀವು ಕಂಪ್ಯೂಟರ್ ನೋಡ್ರೀ.”

ನೋಡಿದೆ. ಮೂಲೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್. ಪರದೆ ಪೂರ್ತಿ ನೀಲಿ, ಅದರ ಮೇಲೆ ಬಿಳಿ ಅಕ್ಷರ. ಪಾಪದ ಯಂತ್ರ! ಇಡೀ ಕಟ್ಟಡದ ಜುಟ್ಟು ಅದರ ಕೈಯಲ್ಲಿತ್ತು. ಮೂರು ಶೀತಕೋಣೆಗಳಿಗೆ ಎಷ್ಟು ಚಳಿ ಬಿಡಬೇಕು, ಯಾವ ಬಾಗಿಲಿಗೆ ಬೀಗ ಬೀಳಬೇಕು, ಒಳಗೆ ಯಾರಾದರೂ ಸಿಕ್ಕಿಬಿದ್ದು ಕರೆಗಂಟೆ ಒತ್ತಿದರೆ ಎಲ್ಲಿ ಕೇಳಿಸಬೇಕು... ಎಲ್ಲ ಅದರಿಂದಲೇ.

“ನೀಲಿ ಆಗೋಕೆ ಮುಂಚೆ ಏನು ಬಂತು ಸಾರ್?”

“ಏನೋ ಒಂದು ಬಾಕ್ಸ್ ಬಂತು. ಓಕೆ ಒತ್ತಿದೆ.”

“ಅದರಲ್ಲಿ ಏನಂತ ಬರೆದಿತ್ತು?”

“ಯಾರ್ರೀ ಓದ್ತಾರೆ ಅದನ್ನೆಲ್ಲ?”

ನನ್ನ ಕಸುಬಿನಲ್ಲಿ ದಿನ ಬೆಳಗಾದರೆ ಕೇಳುವ ಉತ್ತರ ಇದು. ವಕೀಲರು ಓದುವುದಿಲ್ಲ. ಮೇಷ್ಟ್ರುಗಳು ಓದುವುದಿಲ್ಲ. ಬಾಕ್ಸ್ ಕಾಣಿಸಿತೆಂದರೆ ಸಾಕು, ನೊಣ ಹೊಡೆದ ಹಾಗೆ ಹೊಡೆದು ಮುಗಿಸುತ್ತಾರೆ.

ನಾನು ಸ್ಕ್ರೂ ಬಿಚ್ಚತೊಡಗಿದೆ.

“ನೋಡಿ, ಹಳೇ ಡಬ್ಬ ಅದು. ರಿಪೇರಿ ಆಗದಿದ್ರೆ ಬೇಜಾರಿಲ್ಲ” ಎಂದ ಮ್ಯಾನೇಜರ್. “ಕಂಪ್ಯೂಟರ್ ತಾನಾಗೇ ಕೆಡ್ತು, ಯಾರ ತಪ್ಪೂ ಇಲ್ಲ ಅಂತ ಒಂದು ಚೀಟಿ ಬರೆದುಕೊಟ್ಟುಬಿಡಿ. ನಿಮ್ಮ ಅಂಗಡಿ ಸೀಲ್ ಇದೆ ತಾನೆ?”

ನನ್ನ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

ರೋಗಿಯ ನಾಡಿ ಹಿಡಿಯುವ ಮೊದಲೇ ಮರಣಪತ್ರ ಕೇಳುವ ನೆಂಟ! ಇಂಥವರನ್ನು ನಾನು ನೋಡಿರಲಿಲ್ಲ.

ಮುಚ್ಚಳ ತೆಗೆದೆ. ಒಳಗೆ ಧೂಳು ಕಂಬಳಿ ಹೊದ್ದ ಹಾಗೆ ಕೂತಿತ್ತು. ವರ್ಷಗಟ್ಟಲೆಯ ಧೂಳು. ಒಂದು ಕಡೆ ಮಾತ್ರ ಬಳಿದುಹೋಗಿತ್ತು. ಮೆಮೊರಿ ಪಟ್ಟಿ ಕೂರುವ ಜಾಗ. ಅಲ್ಲಿ ಬೆರಳಚ್ಚು... ಹೊಚ್ಚಹೊಸದು! ಪಟ್ಟಿಯ ಒಂದು ತುದಿ ಮೇಲೆದ್ದಿತ್ತು. ಅದನ್ನು ಕಚ್ಚಿ ಹಿಡಿಯುವ ಎರಡು ಕೊಕ್ಕೆಗಳೂ ಬಿಚ್ಚಿಕೊಂಡಿದ್ದವು.

ಕೊಕ್ಕೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಎಂದೂ ಇಲ್ಲ.

ಧೂಳು ಊದುವ ಬ್ಲೋವರ್ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಪಟ್ಟಿಯನ್ನು ಒತ್ತಿ ಕೂರಿಸಿದೆ. ಕಟ್ ಎಂದಿತು. ಸ್ಟಾರ್ಟ್ ಮಾಡಿದೆ. ಯಂತ್ರ ಎದ್ದಿತು.

ಹಿಂದಿನಿಂದ ಮ್ಯಾನೇಜರ್ ಉಸಿರು ಎಳೆದುಕೊಂಡದ್ದು ಕೇಳಿಸಿತು. ಕಂಪ್ಯೂಟರ್ ಸರಿಹೋದರೆ ಜನ ನಿಟ್ಟುಸಿರು ಬಿಡುತ್ತಾರೆ. ಈ ಮನುಷ್ಯ ಎಳೆದುಕೊಂಡ!

ಸ್ವಲ್ಪ ಹೊತ್ತು ಓಡಿ ಯಂತ್ರ ಮತ್ತೆ ಸತ್ತಿತು. ಮುಟ್ಟಿ ನೋಡಿದೆ. ಕಾದ ಹೆಂಚು. ಒಳಗಿನ ಫ್ಯಾನ್ ತಿರುಗುತ್ತಿರಲಿಲ್ಲ. ಅದರ ವಯರನ್ನೂ ಯಾರೋ ಕಿತ್ತು, ಕಾಣದ ಹಾಗೆ ಕೆಳಗೆ ಸಿಕ್ಕಿಸಿದ್ದರು. ಒಂದು ಕಿತಾಪತಿ ಸಿಕ್ಕರೂ ಇನ್ನೊಂದು ಉಳಿಯಲಿ ಎನ್ನುವ ಲೆಕ್ಕಾಚಾರ. ಬುದ್ಧಿವಂತ!

ವಯರ್ ಸಿಕ್ಕಿಸಿ ಮತ್ತೆ ಸ್ಟಾರ್ಟ್ ಮಾಡಿದೆ.

ಈ ಸಲ ಪರದೆ ಪೂರ್ತಿ ತೆರೆಯಿತು. ಮೂರು ಕೋಣೆಗಳ ಮೂರು ಚೌಕ. ಒಂದು, ಎರಡು ಹಸಿರು. ಮೂರನೆಯದು ಮೈನಸ್ ಡಿಗ್ರಿಯ ಕೋಣೆ. ಅದರ ಮೇಲೆ ಕೆಂಪು ಚುಕ್ಕೆ. ಪಕ್ಕದಲ್ಲಿ ಎರಡು ಪದ: ಒಳಗಿನ ಕರೆಗಂಟೆ.

ಕೆಳಗೆ ಹಳದಿ ಪಟ್ಟಿಯಲ್ಲಿ ಇನ್ನೊಂದು ಸಾಲು. ನಾನು ಓದಿದೆ. ನಾನು ಎಲ್ಲವನ್ನೂ ಓದುತ್ತೇನೆ. ‘ಸಿಸ್ಟಮ್ ಹೊಸದಾಗಿ ಶುರುವಾಗಿದೆ. ಮೂರನೇ ಕೋಣೆಗೆ ಪೂರ್ತಿ ಚಳಿ ಬಿಡಲಾಗುತ್ತಿದೆ.’

ಪ್ರತಿ ಸಲ ಎದ್ದಾಗಲೂ ಯಂತ್ರ ಮೊದಲು ಮಾಡುವ ಕೆಲಸ ಅದು. ಮೂರನೇ ಕೋಣೆಯ ದೊಡ್ಡ ಫ್ಯಾನುಗಳನ್ನು ಹಚ್ಚುವುದು. ಒಳಗಿನ ಡಿಗ್ರಿ ನನ್ನ ಕಣ್ಣೆದುರಿಗೇ ಇಳಿಯುತ್ತಿತ್ತು.

“ಕರೆಗಂಟೆ ಒತ್ತುತ್ತಿದ್ದಾರಲ್ಲ ಸಾರ್?”

“ಅದಾ? ಸುಮ್ನೆ. ಆ ಸ್ವಿಚ್ ಕೆಟ್ಟು ಎಷ್ಟೋ ದಿನ ಆಯ್ತು.”

ನಾನು ಚುಕ್ಕೆಯನ್ನೇ ನೋಡಿದೆ.

ಹೊತ್ತಿತು. ಹೊತ್ತಿತು. ಹೊತ್ತಿತು. ನಿಂತಿತು... ಹೊತ್ತಿತು. ಹೊತ್ತಿತು. ನಿಂತಿತು... ಬಹಳ ಹೊತ್ತು ನಿಂತಿತು... ಒಂದು ಸಲ ಹೊತ್ತಿತು.

ಕೆಟ್ಟ ಸ್ವಿಚ್ಚುಗಳನ್ನು ಕೈಯಾರೆ ಎಷ್ಟು ಬಿಚ್ಚಿದ್ದೇನೋ! ಕೆಟ್ಟ ಸ್ವಿಚ್ಚು ಅಂಟಿಕೊಂಡು ಹಾಗೇ ಉರಿಯುತ್ತದೆ. ಇಲ್ಲವೇ ಒಂದೇ ಸಮ ಪಟಪಟ ಎನ್ನುತ್ತದೆ. ಸತ್ತರೆ ಸತ್ತಿತು.

ಆದರೆ ಕೆಟ್ಟ ಸ್ವಿಚ್ಚು ದಣಿಯುವುದಿಲ್ಲ.

ಇದು ದಣಿಯುತ್ತಿತ್ತು!

ನನ್ನ ಮುಖ ಏನು ಹೇಳಿತೋ, ಎದುರಿನ ಗಾಜಿನಲ್ಲಿ ಅವನು ಅದನ್ನು ನೋಡಿಬಿಟ್ಟ. ಮರದ ಪೆಟ್ಟಿಗೆಗಳನ್ನು ಮೀಟುವ ಸಲಾಕೆ ಗೋಡೆಗೆ ಒರಗಿತ್ತು. ಮರುಕ್ಷಣ ಅದು ನನ್ನ ಕುತ್ತಿಗೆಯ ಹಿಂದೆ ಇತ್ತು.

ಈಗ ಗೊತ್ತಾಯಿತಲ್ಲ, ನಾನೆಲ್ಲಿ ಕುಳಿತಿದ್ದೆ ಎಂದು?

“ಒಳಗೆ ಯಾರೋ ಇದ್ದಾರೆ ಸಾರ್.”

“ಗೊತ್ತು.”

ಅಷ್ಟೇ. ಗೊತ್ತು!

“ಗೇಟಿನವನ ಮಗಳು.”

“ಎಷ್ಟು ಹೇಳ್ದೆ ಅವಳಿಗೆ! ಕೈ ಮುಗಿದು ಹೇಳ್ದೆ.” ಅವನ ದನಿ ನಡುಗುತ್ತಿತ್ತು. ಸಲಾಕೆ ನಡುಗುತ್ತಿರಲಿಲ್ಲ. “ಕರೆಂಟ್ ಹೋಯ್ತು, ಜನರೇಟರ್ ಕೈಕೊಡ್ತು, ಮಕ್ಕಳ ಇಂಜೆಕ್ಷನ್ನೆಲ್ಲ ಬೆಚ್ಚಗಾಗಿ ಕೆಟ್ಟುಹೋಯ್ತು. ಒಂದು ರೂಮು ತುಂಬ ಮಾಲು! ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತಾ? ಸುಮ್ನೆ ಲಾರಿಗೆ ಹತ್ತಿಸು ಅಂದೆ. ಅವಳು ಎಲ್ಲ ಆಸ್ಪತ್ರೆಗೂ ಫೋನ್ ಮಾಡ್ತೀನಿ ಅಂದ್ಲು. ನನ್ನ ಕತ್ತು ಹೋಗ್ತಿತ್ತು ಕಣೋ!”

“ಅದಕ್ಕೆ ಅವಳ ಉಸಿರು ಹೋಗಲಿ ಅಂದ್ರಿ.”

“ಪೆಟ್ಟಿಗೆ ಎಣಿಸು ಅಂತ ಒಳಗೆ ಕಳಿಸಿದೆ. ಆಮೇಲೆ ಕಂಪ್ಯೂಟರ್ ಕೆಡ್ತು. ಬಾಗಿಲು ತೆಗೀಲಿಲ್ಲ. ಏನ್ ಮಾಡೋಕಾಗುತ್ತೆ? ಸಿಸ್ಟಮ್ ಎರರ್.”

“ಮತ್ತೆ ನನ್ನನ್ನ ಯಾಕೆ ಕರೆದ್ರಿ?”

“ಕರೆದೆ, ನೀನು ಬಂದೆ, ಆಗಲಿಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ಹೇಳೋಕೆ ಅಷ್ಟು ಬೇಕಿತ್ತು.” ಅವನು ನಿಜವಾಗಿಯೂ ನೊಂದುಕೊಂಡಿದ್ದ. “ನೀನ್ಯಾಕೋ ರಿಪೇರಿ ಮಾಡ್ದೆ?”

ಬದುಕಿನಲ್ಲಿ ಎಷ್ಟೋ ಬೈಗುಳ ತಿಂದಿದ್ದೇನೆ. ಇದಕ್ಕಾಗಿ ಬೈಸಿಕೊಂಡದ್ದು ಅದೇ ಮೊದಲು!

“ಈಗ ರೀಸ್ಟಾರ್ಟ್ ಮಾಡು. ಗಂಟೆ ನಿಲ್ಲಲಿ.”

ಗಂಟೆ ನಿಲ್ಲುತ್ತದೆ, ನಿಜ. ಜೊತೆಗೆ ಫ್ಯಾನುಗಳು ಮತ್ತೊಮ್ಮೆ ಮೊದಲಿನಿಂದ ಚಳಿ ಕಕ್ಕುತ್ತವೆ. ಅವಳಿಗೆ ಅಷ್ಟು ಹೊತ್ತು ಉಳಿದಿರಲಿಲ್ಲ. ಚುಕ್ಕೆ ಹೊತ್ತಿ ಬಹಳ ಹೊತ್ತಾಗಿತ್ತು.

ರೀಸ್ಟಾರ್ಟ್! ನಮ್ಮವರೆಲ್ಲರ ಮೊದಲ ಮದ್ದು. ಫೋನಿನಲ್ಲೇ ಹೇಳಿ ದುಡಿಯುವ ಮದ್ದು. ಅಂದು ಅದೇ ವಿಷ.

ಎದುರಿಗೆ ಮೌಸ್ ಹಿಡಿದ ನನ್ನ ಕೈ. ಹಿಂದೆ ಸಲಾಕೆ. ನಾನು ಮೂರನೇ ಕೋಣೆಯ ಚೌಕದ ಮೇಲೆ ಒತ್ತಿದೆ. ‘ಬಾಗಿಲು ತೆರೆ’ ಎಂಬಲ್ಲಿ ಇನ್ನೊಮ್ಮೆ ಒತ್ತಿದೆ.

ಬೂದುಬಣ್ಣದ ಬಾಕ್ಸ್ ಹಾರಿ ಬಂತು. ‘ಮೂರನೇ ಕೋಣೆಯ ಬಾಗಿಲು ತೆರೆಯಲು ಮ್ಯಾನೇಜರ್ ಪಾಸ್‌ವರ್ಡ್ ನೀಡಿ.’ ಕೆಳಗೆ ಖಾಲಿ ಜಾಗ. ಸ್ಪಷ್ಟ ಅಕ್ಷರ. ಮಗುವೂ ಓದಬಹುದಾದಷ್ಟು ದೊಡ್ಡದು.

“ಏನದು?”

ಇದೇ ಕ್ಷಣ. ಅವನು ಓದಿದರೆ ನಾನೂ ಸತ್ತೆ, ಅವಳೂ ಸತ್ತಳು.

“ಎರರ್ ಸಾರ್” ಎಂದೆ. “ರೀಸ್ಟಾರ್ಟ್‌ಗೆ ಬಿಡ್ತಿಲ್ಲ. ನಿಮ್ಮ ಪಾಸ್‌ವರ್ಡ್ ಕೇಳ್ತಿದೆ.”

“ಸುಮ್ನೆ ಬಟನ್ ಒತ್ತಿ ಆಫ್ ಮಾಡು.”

“ಮಾಡಬಹುದು. ಹೆಡ್ ಆಫೀಸಿಗೆ ಅಲಾರಂ ಹೋಗುತ್ತೆ. ನಿಮಗೆ ಪರವಾಗಿಲ್ಲ ಅಂದ್ರೆ ನನಗೇನು?”

ಸುಳ್ಳು! ಅಪ್ಪಟ ಸುಳ್ಳು!

“ತಡಿ, ತಡಿ... ಸರ್ಕೋ!”

ಅವನು ಬಗ್ಗಿದ. ನಾನು ಅವನ ಕಣ್ಣುಗಳನ್ನೇ ನೋಡುತ್ತಿದ್ದೆ. ಅವು ಬಾಕ್ಸಿನ ಅಕ್ಷರಗಳ ಮೇಲೆ ಇಳಿಯಲೇ ಇಲ್ಲ. ನೇರವಾಗಿ ಖಾಲಿ ಜಾಗಕ್ಕೆ ಹಾರಿದವು. ಹಸಿದ ಕಾಗೆಯ ಹಾಗೆ.

ಎಡಗೈಯಲ್ಲಿ ಸಲಾಕೆ. ಬಲಗೈಯ ಒಂದೇ ಬೆರಳಿನಲ್ಲಿ ಕುಟ್ಟಿದ. ಎಂಟರ್.

‘ತಪ್ಪು ಪಾಸ್‌ವರ್ಡ್. ಮೂರನೇ ಕೋಣೆಯ ಬಾಗಿಲು ತೆರೆದಿಲ್ಲ.’

ಇಷ್ಟು ಬಿಡಿಸಿ ಹೇಳಬೇಕೇ ಆ ಯಂತ್ರ!

“ಥೂ!” ಎಂದು ಅವನು ಓಕೆ ಹೊಡೆದ. ಓದಲಿಲ್ಲ.

“ಮೊದಲನೇ ಅಕ್ಷರ ದೊಡ್ಡದು ಇರಬೇಕೇನೋ ಸಾರ್. ಶಿಫ್ಟ್ ಹಿಡಿದು ಹೊಡೀಬೇಕು.”

ಶಿಫ್ಟಿಗೆ ಇನ್ನೊಂದು ಕೈ ಬೇಕು. ಅವನು ಒಂದು ಗಳಿಗೆ ಯೋಚಿಸಿದ. ನನ್ನನ್ನು ದುರುಗುಟ್ಟಿ ನೋಡಿದ. ಸಲಾಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ.

ಎರಡೂ ಕೈ ಕೀಬೋರ್ಡಿನ ಮೇಲೆ ಬಂದವು. ಎಂಟರ್.

ಕೊನೆಯ ಬಾಕ್ಸ್. ‘ಬಾಗಿಲು ತೆರೆಯಲಾಗುವುದು. ಖಚಿತವೇ?’

ಓಕೆ!

ಹೊಡೆದೇಬಿಟ್ಟ ಮಹಾರಾಯ!

ಕಾರಿಡಾರಿನ ಆ ತುದಿಯಲ್ಲಿ ಭಾರವಾದ ಬೀಗವೊಂದು ಠಕ್ ಎಂದಿತು. ಅವನು ತಲೆಯೆತ್ತಿದ. ಆಗ ಓದಿದ... ಪರದೆಯನ್ನು, ಮೇಲಿನಿಂದ ಕೆಳಗಿನವರೆಗೆ, ತುಟಿ ಅಲ್ಲಾಡಿಸುತ್ತ.

ನಾನು ಬ್ಲೋವರಿನ ಮೂತಿಯನ್ನು ಕಂಪ್ಯೂಟರಿನ ಹೊಟ್ಟೆಗೆ ಇಟ್ಟು ಒತ್ತಿದೆ. ವರ್ಷಗಟ್ಟಲೆಯ ಧೂಳೆಲ್ಲ ಎದ್ದು ಅವನ ಮುಖಕ್ಕೆ ಅಪ್ಪಳಿಸಿತು!

ಅವನು ಕಿರುಚಿದ. ಕುರುಡಾಗಿಯೇ ಸಲಾಕೆ ಬೀಸಿದ. ನಾನು ಕೈ ಅಡ್ಡ ಹಿಡಿದೆ. ಮಣಿಕಟ್ಟಿನಲ್ಲಿ ಒಣಕಡ್ಡಿ ಮುರಿದ ಸದ್ದು. ನೋವು ಆಮೇಲೆ ಬರಲಿ ಎಂದು ಓಡಿದೆ.

ಮೂರನೇ ಕೋಣೆ. ದಪ್ಪ ಬಾಗಿಲು. ಬೀಗ ಬಿಟ್ಟಿದ್ದರೂ ಮಂಜು ಹಿಡಿದು ಅಂಟಿಕೊಂಡಿತ್ತು. ಗೋಡೆಗೆ ಕಾಲು ಕೊಟ್ಟು ಒಂಟಿ ಕೈಯಲ್ಲಿ ಎಳೆದೆ. ಬಿಟ್ಟಿತು. ಬಿಳಿಯ ಹೊಗೆ ಹೊರಗೆ ಉರುಳಿತು.

ಬಾಗಿಲಿನ ಬುಡದಲ್ಲೇ ಕುಳಿತಿದ್ದಳು. ತೆಳ್ಳನೆಯ ಹತ್ತಿಬಟ್ಟೆ. ರೆಪ್ಪೆಗಳು ಬೆಳ್ಳಗಾಗಿದ್ದವು. ಬಲಗೈ ಮೇಲೆತ್ತಿತ್ತು. ಬೆರಳು ಇನ್ನೂ ಸ್ವಿಚ್ಚಿನ ಮೇಲೆಯೇ ಇತ್ತು. ಒತ್ತುವ ಶಕ್ತಿ ಇರಲಿಲ್ಲ. ತೆಗೆದುಕೊಳ್ಳಲೂ ಆಗುತ್ತಿರಲಿಲ್ಲ. ಚರ್ಮ ಲೋಹಕ್ಕೆ ಹಿಡಿದುಕೊಂಡಿತ್ತು.

“ಅಕ್ಕಾ...”

ಕಣ್ಣು ತೆರೆದಳು. ತುಟಿ ಅಲುಗಿತು. ನಾನು ಕಿವಿ ಹತ್ತಿರ ತಂದೆ.

“ಎಲ್ಲಿ... ಹಾಳಾಗಿ ಹೋಗಿದ್ರಿ... ಎಲ್ಲರೂ?”

ಗುರುತು ಸಿಕ್ಕಿತು. ಇವಳೇ!

ಬೆರಳನ್ನು ಬಿಡಿಸಿದೆ. ಹೇಗೆ ಬಿಡಿಸಿದೆನೆಂದು ಕೇಳಬೇಡಿ. ಪೆಟ್ಟಿಗೆ ಸಾಗಿಸುವ ಕೈಗಾಡಿ ಅಲ್ಲೇ ಇತ್ತು. ಅದರ ಮೇಲೆ ಅವಳನ್ನು ಎಳೆದು ಹಾಕಿ, ಎದೆ ಕೊಟ್ಟು ನೂಕಿದೆ. ಹಿಂದೆ ಬೂಟುಗಳ ಸದ್ದು. ಹತ್ತಿರವಾಗುತ್ತಿತ್ತು... ಕಾರಿಡಾರಿನ ತಿರುವು. ಪೇರಿಸಿದ ಖಾಲಿ ಪೆಟ್ಟಿಗೆಗಳು. ಹೋಗುತ್ತ ಹೋಗುತ್ತ ಭುಜದಿಂದ ಗುದ್ದಿದೆ. ಸಾಲಿಗೆ ಸಾಲೇ ಅವನ ಮುಂದೆ ಉರುಳಿತು. ಬೈಗುಳ ಕೇಳಿಸಿತು. ಆಮೇಲೆ ಬೂಟಿನ ಸದ್ದು ಬೇರೆ ಕಡೆಗೆ ತಿರುಗಿತು.

ಹೊರಗೆ ಬಿಸಿಲು. ಆ ಸುಡುಬಿಸಿಲು ದೇವರ ಹಾಗೆ ಕಂಡಿತು.

ಅಂಗಳದಲ್ಲಿ ಕಾರು ಗರ್ಜಿಸಿತು. ಮ್ಯಾನೇಜರ್! ಕಣ್ಣೆರಡೂ ಕೆಂಪು. ನಮ್ಮನ್ನು ಸವರಿಕೊಂಡೇ ಗೇಟಿಗೆ ನುಗ್ಗಿದ. ಹಾರ್ನ್ ಮೇಲೆ ಹಾರ್ನ್.

“ಗೇಟ್ ತೆಗಿಯೋ!”

ಮುದುಕ ಗೂಡಿನಿಂದ ಎದ್ದು ಬಂದ. ಆ ಹಾರ್ನಿಗೆ ಎದ್ದು ಬರುವುದು ಅವನ ಮೈಗೆ ಹತ್ತಿದ ಅಭ್ಯಾಸ. ಕೈ ಆಗಲೇ ಚಿಲಕಕ್ಕೆ ಹೋಗಿತ್ತು.

ನಾನು ಕೈಗಾಡಿಯನ್ನು ಅವನ ಕಡೆಗೆ ನೂಕಿದೆ.

ಮುದುಕ ಕೈಗಾಡಿಯನ್ನು ನೋಡಿದ. ಅದರ ಮೇಲೆ ಮಲಗಿದ್ದವಳನ್ನು ನೋಡಿದ. ಜೋತುಬಿದ್ದ ಕೈಯನ್ನು, ಬೆರಳುಗಳ ಬಣ್ಣವನ್ನು ನೋಡಿದ. ಆಮೇಲೆ ಕಾರಿನೊಳಗೆ ನೋಡಿದ. ಅವನಿಗೆ ಬೇಕಾದ್ದೆಲ್ಲ ಅಷ್ಟರಲ್ಲಿ ತಿಳಿದಿತ್ತು.

ಚಿಲಕದಿಂದ ಕೈ ತೆಗೆದ. ಬೀಗ ಹಾಕಿದ. ಕೀಲಿಯನ್ನು ಗೇಟಿನಾಚೆ ರಸ್ತೆಗೆ ಎಸೆದ.

ಕಾರಿನ ಕಿಟಕಿಗೆ ಬಗ್ಗಿದ.

“ಗೇಟ್ ಪಾಸ್ ತೋರ್ಸಿ ಸಾರ್. ಪಾಸ್ ಇಲ್ದೆ ಒಂದು ನರಪಿಳ್ಳೇನೂ ಬಿಡಬೇಡ ಅಂತ ನೀವೇ ಹೇಳಿದ್ದೀರಿ.”

ಮ್ಯಾನೇಜರ್ ಇಳಿದು ಓಡಲು ನೋಡಿದ. ಎಲ್ಲಿಗೆ ಓಡುತ್ತಾನೆ? ಅವನು ಹೇಳಿದ ಹಿಂದಿನ ಬಾಗಿಲು ಇರಲೇ ಇಲ್ಲ. ಎತ್ತರದ ಗೋಡೆ, ಅದರ ಮೇಲೆ ಗಾಜಿನ ಚೂರು. ಕಳ್ಳರು ಒಳಗೆ ಬಾರದಿರಲೆಂದು ಅವನೇ ನೆಡಿಸಿದ್ದು. ನಾನು ಫೋನ್ ಮಾಡಿ ಕರೆಸಿದ ಪೊಲೀಸರು, ಆಂಬುಲೆನ್ಸಿನವರು ಆ ಕೀಲಿ ಎತ್ತಿಕೊಂಡು ಒಳಗೆ ಬಂದಾಗ ಅವನು ಗೋಡೆಯ ಬುಡದಲ್ಲಿ ಅಂಗೈ ಕೊಯ್ದುಕೊಂಡು ಕೂತಿದ್ದ. ಸಿಸ್ಟಮ್ ಎರರ್, ಸಿಸ್ಟಮ್ ಎರರ್ ಎನ್ನುತ್ತಿದ್ದ.

*

ಅವಳು ಬದುಕಿದಳೇ ಎಂದು ಬೆಂಚಿನವರು ಕೇಳಿದರು.

“ಬದುಕಿದಳು” ಎಂದ ಸ್ಕ್ರೂ. “ಬಲಗೈಯ ಎರಡು ಬೆರಳು ಹೋದವು. ಪ್ರಜ್ಞೆ ಬಂದ ತಕ್ಷಣ ಫೋನ್ ಕೊಡಿ ಅಂದಳಂತೆ. ನರ್ಸುಗಳಿಗೆ ಬೈದು ಇಸ್ಕೊಂಡಳಂತೆ. ಎಡಗೈಯಲ್ಲಿ ಒತ್ತಿ ಒತ್ತಿ ಒಂದೊಂದು ಆಸ್ಪತ್ರೆಗೂ ಮಾತಾಡಿದಳು. ಅಪ್ಪ ಪಕ್ಕದಲ್ಲಿ ಕೂತು ಅವಳಿಗೆ ತುತ್ತು ಇಡ್ತಿದ್ದ. ಬಾಯಿ ಖಾಲಿಯಾದಾಗಲೆಲ್ಲ ಬೈಗುಳ.”

ಯಾರೋ ನಕ್ಕರು.

“ಅಂತೂ ಮಾಲೆಲ್ಲ ವಾಪಸ್ ಬಂತು ಅನ್ನು” ಎಂದ ಎದುರಂಗಡಿಯ ದರ್ಜಿ.

ಸ್ಕ್ರೂ ತಲೆಯಾಡಿಸಿದ. ಹೌದೆಂದಲ್ಲ.

“ಅವಳಿಗೆ ಗೊತ್ತಾಗೋಕೆ ಮುಂಚೇನೇ ಒಂದು ಲಾರಿ ಹೊರಟುಹೋಗಿತ್ತು. ಅದರಲ್ಲಿ ಕೆಲವು ಪೆಟ್ಟಿಗೆ ಸಿಕ್ಕವು. ಉಳಿದದ್ದು ಆಗಲೇ ಚುಚ್ಚಿ ಮುಗಿದಿತ್ತು.”

“ಚುಚ್ಚಿದ್ರೆ ಏನಾಗುತ್ತೆ?”

“ಏನೂ ಆಗಲ್ಲ. ಅದೇ ತೊಂದರೆ. ಮಗು ಅಳುತ್ತೆ, ಸೂಜಿ ಗುರುತು ಬೀಳುತ್ತೆ, ಲಸಿಕೆ ಕಾರ್ಡಿಗೆ ಸೀಲ್ ಬೀಳುತ್ತೆ. ಒಳಗೆ ಔಷಧಿ ಮಾತ್ರ ಸತ್ತಿರುತ್ತೆ. ರೋಗ ಬಂದಾಗಲೇ ಗೊತ್ತಾಗೋದು.”

“ಯಾವ ಆಸ್ಪತ್ರೆಗಳು?”

“ಈ ಕಡೆಯವೇ ಅಂತ ಕೇಳಿದೆ. ಹೆಸರು ಗೊತ್ತಿಲ್ಲ.”

ದರ್ಜಿ ಕತ್ತಿನಲ್ಲಿದ್ದ ಅಳತೆಪಟ್ಟಿಯನ್ನು ತೆಗೆದು ಸುತ್ತತೊಡಗಿದ. ಪೂರ್ತಿ ಸುತ್ತಲಿಲ್ಲ. “ಮಗೂದು ಕಾರ್ಡು ಎಲ್ಲಿಟ್ಟಿದ್ದಾಳೋ ಇವಳು” ಎಂದುಕೊಂಡು ಎದ್ದ. ಅವನ ಹಿಂದೆ ಬೀಗದ ಅಂಗಡಿಯವ ಎದ್ದ, ಮೊಮ್ಮಗಳ ಹೆಸರು ಹಿಡಿದು ಏನೋ ಹೇಳುತ್ತ. ಕನ್ನಡಕದ ಅಂಗಡಿಯವ ಹೋಗಿಬರುತ್ತೇನೆ ಎನ್ನುವುದನ್ನೂ ಮರೆತ. ಒಬ್ಬೊಬ್ಬರಾಗಿ ಎಲ್ಲರೂ ಮನೆ ಕಡೆ ನಡೆದರು. ದಿನಕ್ಕಿಂತ ಚುರುಕಾಗಿ ನಡೆದರು, ಕೆಲವರು ಷಟರ್ ಎಳೆಯದೆಯೇ ಹೋದರು.

ಬೆಂಚಿನ ಮೇಲೆ ಉಳಿದದ್ದು ಸ್ಕ್ರೂ ಮತ್ತು ನಾನು, ಮಕ್ಕಳಿಲ್ಲದ ಇಬ್ಬರು.